ಅಮ್ಮ ನೋಡಿದ ಗರುಗ

2003ರ ಬೇಸಿಗೆಯಲ್ಲಿ ತಾಳವಾಡಿ ಬೆಟ್ಟದ ಮೇಲೆ ಫೀಲ್ಡ್ ಬಾಟನಿಸ್ಟ್ ಆಗಿ ಕೆಲಸಕ್ಕೆ ಸೇರಿದಾಗ ನನಗೆ ಅರವತ್ತು ತುಂಬಿತ್ತು. ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಬಾಟನಿ ಪಾಠ ಹೇಳಿ ನಿವೃತ್ತಳಾಗಿ, ಮೈಸೂರಿನಲ್ಲಿ ತಂಗಿಯ ಮನೆಯ ಮಹಡಿಯ ಮೇಲೆ ಸುಮ್ಮನೆ ಕುಳಿತಿದ್ದೆ. ಸುಮ್ಮನೆ ಕೂರುವ ವಿದ್ಯೆ ಮಾತ್ರ ನನಗೆ ಯಾರೂ ಕಲಿಸಿರಲಿಲ್ಲ. ಅಂಥ ಹೊತ್ತಿನಲ್ಲಿ ಪ್ರೇಮಾ ಫೋನ್ ಮಾಡಿದಳು.

ಪ್ರೇಮಾ ನನ್ನ ಕಾನ್ವೆಂಟ್ ಗೆಳತಿ. ಅವಳು ಗೋಬಿ ಕಡೆಯ ತಮಿಳು ಹುಡುಗಿ, ನಾನು ಕೊಳ್ಳೇಗಾಲದವಳು. ಹಾಸ್ಟೆಲಿನಲ್ಲಿ ನಮ್ಮ ಮಂಚಗಳು ಅಕ್ಕಪಕ್ಕ. ಸಿಸ್ಟರ್‌ಗಳ ಕಣ್ಣು ತಪ್ಪಿಸಿ ಒಂದೇ ಮಾವಿನಕಾಯಿಗೆ ಉಪ್ಪುಖಾರ ಹಚ್ಚಿ ಹಂಚಿಕೊಂಡು ತಿಂದವರು. ಅವಳಿಗೆ ಕನ್ನಡ ಕಲಿಸಿದವಳು ನಾನು. ನನಗೆ ತಮಿಳು ಕಲಿಸಿದವಳು ಅವಳು. ಜಗಳ ಬಂದಾಗ ಮಾತ್ರ ಇಬ್ಬರೂ ಇಂಗ್ಲಿಷಿಗೆ ಹೋಗುತ್ತಿದ್ದೆವು. ಫೋನ್ ಮಾಡಿದ ಹೊತ್ತಿಗೆ ಅವಳು ಸತ್ಯಮಂಗಲದಲ್ಲಿ ಒಂದು ಟ್ರಸ್ಟ್ ನಡೆಸುತ್ತಿದ್ದಳು. ಬೆಟ್ಟದ ಸಣ್ಣ ರೈತರಿಗೆ ಔಷಧಿ ಗಿಡಗಳನ್ನು ಕೊಟ್ಟು ಬೆಳೆಸಿ, ಬೆಳೆದ ಸೊಪ್ಪನ್ನು ಮೂಲಿಕೆ ಕೊಳ್ಳುವವರಿಗೆ ತಲುಪಿಸುವುದು ಅದರ ಕೆಲಸ.

"ವಸು, ನೀನು ಮಣ್ಣು ಅಗೆಯಬೇಕಾಗಿಲ್ಲ. ಗಿಡ ನೋಡಿ ಹೂಂ ಅನ್ನು, ಇಲ್ಲಾ ಊಹೂಂ ಅನ್ನು. ದಟ್ಸ್ ಆಲ್," ಎಂದಳು.

ಕೇಳಲು ಸುಲಭ. ಆದರೆ ಔಷಧಿ ಗಿಡಗಳ ವ್ಯಾಪಾರದಲ್ಲಿ ಅದೇ ಕಷ್ಟದ ಕೆಲಸ. ನಮ್ಮ ಭಾಷೆಯಲ್ಲಿ ಅದನ್ನು ಆಥೆಂಟಿಕೇಶನ್ ಎನ್ನುತ್ತಾರೆ. ತಂದ ಗಿಡ ಹೆಸರಿಗೆ ತಕ್ಕ ಗಿಡವೇ ಎಂದು ಖಚಿತಪಡಿಸುವುದು. ಒಂದೇ ಹೆಸರಿನಲ್ಲಿ ಮೂರು ಗಿಡ ಮಾರಾಟವಾಗುತ್ತವೆ. ಒಂದೇ ಗಿಡಕ್ಕೆ ಊರಿಗೊಂದು ಹೆಸರು. ಜ್ವರಕ್ಕೆಂದು ಕೊಂಡದ್ದು ಜ್ವರಕ್ಕೆ ಸಂಬಂಧವೇ ಇಲ್ಲದ ಸೊಪ್ಪಾಗಿರಬಹುದು. ಹಾಗಾಗಿ ಎಲೆ, ಕಾಂಡ, ಹೂ, ಎಲ್ಲವನ್ನೂ ಲೆನ್ಸ್ ಹಿಡಿದು ನೋಡಿ, ಪುಸ್ತಕದ ವಿವರಣೆಗೆ ಹೋಲಿಸಿ, ಆಮೇಲಷ್ಟೇ ರೈತರ ಕೈಗೆ ಬಿಡಬೇಕು.

ಸತ್ಯಮಂಗಲದಲ್ಲಿ ಪ್ರೇಮಾಳನ್ನು ಕಂಡು, ಬಣ್ಣಾರಿಯಿಂದ ಇಪ್ಪತ್ತೇಳು ತಿರುವು ಹತ್ತಿ, ದಿಂಬಂನಲ್ಲಿ ಬಸ್ಸು ಇಳಿದು ಚಹಾ ಕುಡಿದಾಗ ಆ ತಂಪು ಗಾಳಿಗೆ ನನ್ನ ವಯಸ್ಸು ಹತ್ತು ವರ್ಷ ಕಡಿಮೆಯಾದಂತೆ ಅನ್ನಿಸಿತ್ತು. ತಾಳವಾಡಿಯಲ್ಲಿ ಟ್ರಸ್ಟಿನವರು ಒಂದು ಹೆಂಚಿನ ಮನೆ ಬಾಡಿಗೆಗೆ ಹಿಡಿದಿದ್ದರು. ಮುಂದಿನ ಕೋಣೆ ಆಫೀಸು, ಹಿಂದಿನದು ನನ್ನ ವಾಸ. ತಮಿಳುನಾಡಿಗೆ ಸೇರಿದ ಆ ಸೀಮೆ ಕಚೇರಿಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ. ನನಗೆ ಅದು ತವರೂರಿನ ಪಕ್ಕದ ಬೀದಿಗೆ ಬಂದಂತಿತ್ತು.

ಮೊದಲ ಕೆಲವು ತಿಂಗಳು ಅಮೃತಬಳ್ಳಿ, ಒಂದೆಲಗ, ನೆಲನೆಲ್ಲಿ ಹಂಚಿದೆವು. ಹೆಸರಿಗೆ ಹೊಂದದ ಎರಡು ಕಂತೆ ಸೊಪ್ಪನ್ನು ನಾನು ತಂದವರಿಗೇ ತಿರುಗಿ ಕಳಿಸಿದೆ. ಅದು ರೈತರ ಕಿವಿಗೆ ಬಿತ್ತು. "ಗಿಡದಮ್ಮ ಒಪ್ಪುದ್ರೆ ಮುಗೀತು" ಎಂಬ ಮಾತು ಹುಟ್ಟಿಕೊಂಡಿತು. ನನ್ನ ಹೆಸರು ವಸುಂಧರಾ ಎಂಬುದು ಆ ಬೆಟ್ಟದಲ್ಲಿ ಪ್ರೇಮಾಳನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ನಾನು ಗಿಡದಮ್ಮ.

ಆ ಹೆಸರಿಟ್ಟವಳು ದೊಡ್ಡಗಾಜನೂರಿನ ಪುಟ್ಟಮಾದಮ್ಮ. ಐವತ್ತರ ಆಸುಪಾಸಿನ ಹೆಂಗಸು. ಸ್ವಲ್ಪ ಅರಿಶಿನ, ಸ್ವಲ್ಪ ರಾಗಿ ಬೆಳೆಯುವ ಭೂಮಿ, ಹಳ್ಳದ ಪಕ್ಕ ಸದಾ ತೇವವಿರುವ ಒಂದು ತಗ್ಗು. ಒಬ್ಬಳೇ ಮಗಳು ಮಂಗಳ. ಅವಳನ್ನು ಜೀರಹಳ್ಳಿ ಕಡೆಯ ಒಂದು ಊರಿಗೆ ಕೊಟ್ಟಿತ್ತು. ಪುಟ್ಟಮಾದಮ್ಮನ ಜಗಲಿಯಲ್ಲಿ ಕುಳಿತು ಮಜ್ಜಿಗೆ ಕುಡಿಯದೆ ಆ ಊರಿನಲ್ಲಿ ನನ್ನ ಕೆಲಸ ಮುಗಿಯುತ್ತಿರಲಿಲ್ಲ.

"ಗಿಡದಮ್ಮ, ನಿಮ್ಗ ಗಂಡ ಇಲ್ಲ, ಮಕ್ಳಿಲ್ಲ, ಈ ಸೊಪ್ಪುಸದೆ ಕಟ್ಕಂಡು ಏನ್ ಸುಕ ಕಂಡ್ರಿ?" ಎಂದು ಒಮ್ಮೆ ಕೇಳಿದಳು.

"ಸೊಪ್ಪು ಎದುರು ಮಾತಾಡಲ್ಲ, ಪುಟ್ಟಮಾದಮ್ಮ."

"ಅಂಗಾರೆ ನಮ್ ಯಜಮಾನ್ರನ್ನೂ ಒಂದ್ ಕುಂಡಕ್ಕ ಆಕಿ ನೀರುಯ್ತೀನಿ ಬುಡಿ," ಎಂದು ನಕ್ಕಳು. ಒಳಗಿನಿಂದ ಅವಳ ಗಂಡ ಕೆಮ್ಮಿದ್ದು ಕೇಳಿಸಿತು.

ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಮೂಲಿಕೆ ಕೊಳ್ಳುವವರು ಒಂದು ಹೊಸ ಗಿಡ ಕೇಳಿದರು. ತಮಿಳಿನಲ್ಲಿ ಮಂಜಳ್ ಕರಿಸಲಾಂಗಣ್ಣಿ. ನಮ್ಮ ಕಡೆಯ ಗರುಗದ ಸೊಪ್ಪು ಬಿಳಿ ಹೂವಿನದು. ಇದು ಅದರ ಹಳದಿ ಹೂವಿನ ನೆಂಟ. ಕಾಮಾಲೆಗೂ ತಲೆಗೂದಲ ಎಣ್ಣೆಗೂ ಬಳಸುತ್ತಾರೆ. ನಮ್ಮ ರೈತರು ಕೇಳಿದ ಕೂಡಲೇ ಅದಕ್ಕೆ ಅರಿಶಿನ ಗರುಗ ಎಂದು ಹೆಸರಿಟ್ಟರು. ಅರಿಶಿನ ಬೆಳೆಯುವ ಮನೆಗಳಲ್ಲಿ ಆ ಹೆಸರಿಗೇ ಒಂದು ಶುಭದ ಲೆಕ್ಕ.

ಕೆಳಗಿನ ನರ್ಸರಿಯೊಂದರಿಂದ ಒದ್ದೆ ಗೋಣಿಯಲ್ಲಿ ಸುತ್ತಿದ ಬಳ್ಳಿಯ ತುಂಡುಗಳು ಬಂದವು. ಪ್ರೇಮಾ ಎದುರಿಗೇ ನಿಂತಿದ್ದಳು. ನಾನು ಒಂದು ತುಂಡನ್ನು ಬಿಡಿಸಿ ಮೇಜಿನ ಮೇಲೆ ಹರಡಿದೆ. ಲೆನ್ಸ್ ತೆಗೆಯಬೇಕಾಗಲೇ ಇಲ್ಲ. ನಿಜವಾದ ಮಂಜಳ್ ಕರಿಸಲಾಂಗಣ್ಣಿಯ ಎಲೆ ಸಪೂರ, ಉದ್ದ, ಅಂಚು ಹೆಚ್ಚುಕಡಿಮೆ ನೇರ. ಇದರ ಎಲೆ ದಪ್ಪ, ಮೇಣ ಸವರಿದಂತೆ ಹೊಳಪು, ಎರಡು ಕಡೆಯೂ ಕಿವಿಯಂತೆ ಒಂದೊಂದು ಹಾಲೆ ಚಾಚಿ ಮೂರು ಮೂಲೆಯಾಗಿತ್ತು. ಆಗ ನಾವು ಇದನ್ನು ವೆಡೇಲಿಯಾ ಟ್ರೈಲೋಬೇಟಾ ಎನ್ನುತ್ತಿದ್ದೆವು. ಮೂರು ಹಾಲೆಯದು ಎಂದೇ ಆ ಹೆಸರಿನ ಅರ್ಥ. ಅಮೆರಿಕ ಖಂಡದ ಉಷ್ಣವಲಯದಿಂದ ಅಲಂಕಾರಕ್ಕೆಂದು ತಂದ ಗಿಡ. ದೊಡ್ಡ ಹೋಟೆಲುಗಳ ಮುಂದೆ, ರಸ್ತೆಯ ಇಳಿಜಾರಿನಲ್ಲಿ ಹಸಿರು ಜಮಖಾನೆ ಹಾಸಿದಂತೆ ಬೆಳೆದು ಹಳದಿ ಹೂ ಬಿಡುತ್ತದಲ್ಲ, ಅದೇ.

ಇದರ ಸ್ವಭಾವವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಸಾಮಾನ್ಯವಾಗಿ ಕಳೆ ಎಂದರೆ ಬೀಜದಿಂದ ಹರಡುತ್ತದೆ ಎಂದುಕೊಳ್ಳುತ್ತೇವೆ. ಗಾಳಿಯಲ್ಲಿ ತೇಲುವ, ದನದ ಮೈಗೆ ಅಂಟುವ ಬೀಜ. ಈ ಗಿಡ ಬೀಜವನ್ನು ಹೆಚ್ಚು ನಂಬಿಕೊಂಡಿಲ್ಲ. ಇದರ ಶಕ್ತಿ ಇರುವುದು ಗೆಣ್ಣಿನಲ್ಲಿ. ಎಲೆ ಹುಟ್ಟುವ ಪ್ರತಿ ಗೆಣ್ಣೂ ನೆಲ ಮುಟ್ಟಿದ ಕೂಡಲೇ ಬೇರು ಬಿಡುತ್ತದೆ. ಬಳ್ಳಿ ತೆವಳುತ್ತ ಹೋದಂತೆ ಹಿಂದಿನ ಗೆಣ್ಣುಗಳೆಲ್ಲ ಸ್ವತಂತ್ರ ಗಿಡಗಳಾಗುತ್ತವೆ. ನಡುವೆ ಕತ್ತರಿಸಿದರೆ ಸಾಯುವುದಿಲ್ಲ, ಒಂದು ಇದ್ದದ್ದು ಎರಡಾಗುತ್ತದೆ. ಬೆರಳುದ್ದದ ತುಂಡು ಕಾಲುವೆಗೆ ಬಿದ್ದರೆ ನೀರು ಅದನ್ನು ಇನ್ನೊಬ್ಬರ ಗದ್ದೆಗೆ ಮುಟ್ಟಿಸುತ್ತದೆ. ತೇವದ ನೆಲ ಸಿಕ್ಕರೆ ಒತ್ತಾಗಿ ಹೆಣೆದುಕೊಂಡು, ಅಡಿಯಲ್ಲಿ ಹುಲ್ಲು ಮೊಳೆಯದಂತೆ ಬೆಳಕನ್ನು ಮುಚ್ಚಿಬಿಡುತ್ತದೆ.

"ಇದು ಅಲ್ಲ ಪ್ರೇಮಾ. ಇದನ್ನು ಯಾರಿಗೂ ಕೊಡಬೇಡ. ಈ ಗೋಣಿಯನ್ನೂ ತಿಪ್ಪೆಗೆ ಎಸೆಯಬೇಡ, ಬಿಸಿಲಿಗೆ ಒಣಗಿಸಿ ಸುಡಿಸಿಬಿಡು," ಎಂದೆ.

ಅವಳು ಎಲೆಯನ್ನು ಒಮ್ಮೆ ತಿರುಗಿಸಿ ನೋಡಿದಳು. "ಫೈನ್. ನೀನು ನೋಡಿ ಆಯಿತಲ್ಲ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ. ನೀನು ಮೊದಲು ಹೋಗಿ ಕಣ್ಣು ತೋರಿಸಿಕೋ."

ಎಡಗಣ್ಣಿನಲ್ಲಿ ಪೊರೆ ಬೆಳೆದು ಆಪರೇಷನ್‌ಗೆ ದಿನ ಗೊತ್ತಾಗಿತ್ತು. ಮರುದಿನವೇ ಮೈಸೂರಿಗೆ ಹೋದೆ. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ತಂಗಿ ಕೂಡಲೇ ಬಿಡಲಿಲ್ಲ, ತಿಂಗಳುಗಟ್ಟಲೆ ಇರಿಸಿಕೊಂಡಳು. ಬೆಟ್ಟಕ್ಕೆ ಮರಳಿದಾಗ ಹೊಸ ವರ್ಷ ಬಂದಿತ್ತು. ಬಂದೊಡನೆ ಪ್ರೇಮಾ ನನ್ನನ್ನು ಹಾಸನೂರು ಕಡೆಯ ಕಾಡಂಚಿನ ಗಿಡಗಳ ಸರ್ವೇಗೆ ಹಾಕಿದಳು. ಕಣ್ಣಿಗೆ ಹಸಿರು ಒಳ್ಳೆಯದು ಎಂದಳು. ಅಕ್ಕರೆ ಎಂದೇ ತಿಳಿದೆ.

ದೊಡ್ಡಗಾಜನೂರಿಗೆ ನಾನು ಮತ್ತೆ ಕಾಲಿಟ್ಟದ್ದು 2004ರ ಮುಂಗಾರು ಮಳೆ ಬಿದ್ದ ಮೇಲೆ. ಪುಟ್ಟಮಾದಮ್ಮ ದೂರದಿಂದಲೇ ಕೂಗಿದಳು.

"ಬನ್ನಿ ಗಿಡದಮ್ಮ, ಬನ್ನಿ! ಕಣ್ಣು ಎಂಗದೆ? ಈಗ ನಾನು ಚೆಂದಾಗಿ ಕಾಣ್ತಿದ್ದೀನಾ?"

"ಕಾಣ್ತಿದ್ದೀಯ. ಸ್ವಲ್ಪ ಕಪ್ಪಾಗಿದ್ದೀಯ."

"ಅಯ್ಯೋ, ಆಪ್ರೇಸನ್ ಮಾಡುಸ್ಕಳ್ದೇ ಇದ್ದಿದ್ರೇ ವಾಸಿಯಾಗಿತ್ತು! ಬನ್ನಿ, ನಿಮ್ ಗರುಗ ಎಂಗ್ ಬಂದದೆ ನೋಡಿವ್ರಂತೆ."

ಹಳ್ಳದ ಪಕ್ಕದ ಆ ತಗ್ಗಿನಲ್ಲಿ ಅವಳ ಎರಡು ಹಸುಗಳಿಗೆ ವರ್ಷವಿಡೀ ಹುಲ್ಲಾಗುತ್ತಿತ್ತು. ಈಗ ಅಲ್ಲಿ ಹುಲ್ಲಿರಲಿಲ್ಲ. ಮೊಣಕಾಲ ಕೆಳಗಿನವರೆಗೆ ಎಣ್ಣೆ ಹಚ್ಚಿದಂಥ ಹಸಿರು, ಅದರ ಮೇಲೆ ಸಾಲುಸಾಲಾಗಿ ಹಳದಿ ಹೂ. ನೋಡಲು ಎಷ್ಟು ಚೆಂದವಾಗಿತ್ತೆಂದರೆ ಒಂದು ಗಳಿಗೆ ನನಗೆ ಕೋಪವೂ ಬರಲಿಲ್ಲ. ಆಮೇಲೆ ಬಗ್ಗಿ ಒಂದು ಎಲೆ ಕಿತ್ತು ನೋಡಿದೆ. ಅದೇ ಮೂರು ಮೂಲೆ.

"ಇದನ್ನ ಯಾರು ಕೊಟ್ಟದ್ದು?"

"ಯಾರು ಅಂದ್ರೆ? ಪ್ರೇಮಮ್ಮ ಜೀಪ್ನಲ್ಲಿ ತಂದು ಎಲ್ಲಾರ್ಗೂ ಅಂಚುದ್ರು. ನಾನು ಕೇಳ್ದೆ ಕಣವ್ವ, ಗಿಡದಮ್ಮ ನೋಡವ್ರಾ ಅಂತ. 'ಅಮ್ಮಾ ಪಾತ್ತಾಚ್ಚು' ಅಂದ್ರು. ಮತ್ತಿನ್ನೇನು, ಇಸ್ಕಂಡೆ."

ಪಾತ್ತಾಚ್ಚು ಎಂದರೆ ತಮಿಳಿನಲ್ಲಿ ನೋಡಿ ಆಯಿತು ಎಂದಷ್ಟೇ ಅರ್ಥ. ಆದರೆ ತಾಳವಾಡಿಯಲ್ಲಿ ಅದು ಕಚೇರಿಯ ಮಾತು. ಅರ್ಜಿ ಕೊಟ್ಟವನಿಗೆ ಗುಮಾಸ್ತ "ಸಾರ್ ಪಾತ್ತಾಚ್ಚು" ಎಂದರೆ ಸಾಹೇಬರು ಒಪ್ಪಿದರು, ಇನ್ನು ಮನೆಗೆ ಹೋಗು ಎಂದು ಅರ್ಥ. ಪ್ರೇಮಾಗೆ ಇದು ಗೊತ್ತಿಲ್ಲದೆ ಇರಲು ಸಾಧ್ಯವಿರಲಿಲ್ಲ. ಭಾಷೆಯಲ್ಲಿ ಅವಳು ಯಾವಾಗಲೂ ಕ್ಲಾಸಿಗೆ ಫಸ್ಟ್.

ಅಲ್ಲೇ ಬದುವಿನ ಮೇಲೆ ಕುಳಿತು ಪುಟ್ಟಮಾದಮ್ಮನಿಗೆ ಎಲ್ಲವನ್ನೂ ಹೇಳಿದೆ. ಇದು ಅರಿಶಿನ ಗರುಗವಲ್ಲ, ನಾನು ಬೇಡ ಎಂದಿದ್ದೆ, ಸುಡಲು ಹೇಳಿದ್ದೆ. ಅವಳು ಕೇಳಿದ್ದು ಬೆಳೆಯ ಸಂಗತಿ ಅಲ್ಲ.

"ಗಿಡದಮ್ಮ, ದೀಪಾವಳಿಗ ಬಂದಿದ್ದಾಗ ನನ್ ಮಗಳ ಮಡ್ಲಿಗೂ ಇದ್ನೇ ಆಕ್ಬುಟ್ನಲ್ಲ. ಈಗೇನ್ ಮಾಡದು?"

ಆ ಮನೆಗಳಲ್ಲಿ ಮಗಳು ತವರಿಗೆ ಬಂದು ಹೊರಡುವಾಗ ಮಡಿಲಿಗೆ ಅಕ್ಕಿ, ಬೆಲ್ಲ, ಕಾಯಿಯ ಜೊತೆ ತವರಿನ ಮಣ್ಣಿನಲ್ಲಿ ಬೆಳೆದ ಒಂದು ಸಸಿಯನ್ನೋ ಬಳ್ಳಿಯನ್ನೋ ಹಾಕಿ ಕಳಿಸುತ್ತಾರೆ. ತವರಿನ ಬೇರು ಅತ್ತೆಮನೆಯಲ್ಲೂ ಹಿಡಿಯಲಿ ಎಂಬ ಆಸೆ. ಪುಟ್ಟಮಾದಮ್ಮ ಅರಿಶಿನದ ಎಲೆಯಲ್ಲಿ ಒದ್ದೆ ಬಟ್ಟೆ ಇಟ್ಟು, ಅದರೊಳಗೆ ನಾಲ್ಕು ತುಂಡು ಬಳ್ಳಿ ಸುತ್ತಿ ಕೊಟ್ಟಿದ್ದಳು. ಬೀಜವನ್ನು ನಂಬದ ಗಿಡಕ್ಕೆ ಇದಕ್ಕಿಂತ ಒಳ್ಳೆಯ ವಾಹನ ಬೇಕೆ? ಆಮೇಲೆ ವಿಚಾರಿಸಿದಾಗ ತಿಳಿಯಿತು, ಟ್ರಸ್ಟ್ ಕೊಟ್ಟದ್ದು ಕೆಲವೇ ಮನೆಗಳಿಗೆ. ಉಳಿದೆಡೆಗೆಲ್ಲ ಅದು ಹೋದದ್ದು ಅಕ್ಕ ತಂಗಿಯರ, ಹೆಣ್ಣುಮಕ್ಕಳ ಮಡಿಲಿನಲ್ಲಿ.

ಅಂದೇ ಸಂಜೆ ಆಫೀಸಿನಲ್ಲಿ ಪ್ರೇಮಾಳನ್ನು ಹಿಡಿದು ಕೇಳಿದೆ. ಅವಳು ಕನ್ನಡಕ ತೆಗೆದು ಒರೆಸಿಕೊಂಡಳು.

"ನಾನು ಸುಳ್ಳು ಹೇಳಲಿಲ್ಲ ವಸು. ಯು ಹ್ಯಾಡ್ ಸೀನ್ ಇಟ್."

"ನೋಡಿ ಬೇಡ ಎಂದಿದ್ದೆ."

"ಅವರು ಬೇಕೋ ಬೇಡವೋ ಎಂದು ಕೇಳಲಿಲ್ಲವಲ್ಲ. ನೋಡಿದ್ದಾರಾ ಎಂದು ಕೇಳಿದರು." ಸ್ವಲ್ಪ ತಡೆದು ಹೇಳಿದಳು, "ಅಸಲಿ ಗಿಡ ನರ್ಸರಿಯಲ್ಲಿ ಏಳಲೇ ಇಲ್ಲ. ನಮಗೆ ದುಡ್ಡು ಕೊಡುವವರು ಬೆಟ್ಟಕ್ಕೆ ಬಂದು ನೋಡುವವರಿದ್ದರು. ಅವರಿಗೆ ಹಸಿರು ಕಾಣಬೇಕಿತ್ತು. ಬಂದರು, ಕಂಡರು, ಫೋಟೋ ತೆಗೆದುಕೊಂಡು ಹೋದರು."

ಫೋಟೋದಲ್ಲಿ ಎಲೆಯ ಆಕಾರ ಯಾರು ನೋಡುತ್ತಾರೆ? ಮೂಲಿಕೆ ಕೊಳ್ಳುವವರು ಮಾತ್ರ ನೋಡಿದರು. ಒಣಗಿಸಿದ ಸೊಪ್ಪನ್ನು ಮೊದಲ ಸಲವೇ ಹಿಂದಕ್ಕೆ ಕಳಿಸಿದರು. ಟ್ರಸ್ಟಿನ ಜೀಪು ಆ ಸೊಪ್ಪು ಒಯ್ಯುವುದನ್ನು ಸದ್ದಿಲ್ಲದೆ ನಿಲ್ಲಿಸಿತು. ರೈತರಿಗೆ ಯಾರೂ ಏನೂ ಹೇಳಲಿಲ್ಲ. ನಾನು ಅಂದೇ ಕೆಲಸ ಬಿಟ್ಟು ಮೈಸೂರಿಗೆ ಹೋಗಬಹುದಿತ್ತು. ಪುಟ್ಟಮಾದಮ್ಮ ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಹೋಗಲು ಮನಸ್ಸಾಗಲಿಲ್ಲ.

ಮಂಗಳನ ಅತ್ತೆಮನೆಯಲ್ಲಿ ಆದದ್ದು ಇದು. ಅವರ ಹೊಲದ ಅಂಚಿಗೇ ಕಾಡು. ಆನೆಯ ಭಯಕ್ಕೂ ಅರಣ್ಯದವರ ಭಯಕ್ಕೂ ದನಗಳನ್ನು ಒಳಗೆ ಬಿಡುವಂತಿಲ್ಲ. ಇರುವುದೆಲ್ಲ ಕೆರೆ ಕೆಳಗಿನ ಜೌಗಿನ ಹುಲ್ಲು. ಮಂಗಳ ತವರಿನ ಬಳ್ಳಿಯನ್ನು ಆ ಜೌಗಿನ ದಡದಲ್ಲಿ ಪ್ರೀತಿಯಿಂದ ನೆಟ್ಟಿದ್ದಳು. ಒಂದು ಮಳೆಗಾಲಕ್ಕೆ ಅದು ದಡ ದಾಟಿತು. ದನ ಅದಕ್ಕೆ ಬಾಯಿ ಹಾಕಲಿಲ್ಲ. ನಮ್ಮ ಮಾತು ಅಲ್ಲಿಗೆ ಮುಟ್ಟುವ ಮೊದಲೇ, ಕೈಯಲ್ಲಿ ಕೀಳುತ್ತ ಕೂರುವುದು ಬೇಡ ಎಂದು ಮಂಗಳನ ಗಂಡ ಟ್ರ್ಯಾಕ್ಟರ್ ತರಿಸಿ ರೋಟವೇಟರ್ ಹೊಡೆಸಿದ. ನೆಲವನ್ನು ಪುಡಿ ಮಾಡಿ ಕಳೆಯನ್ನು ಕೊಚ್ಚಿಹಾಕುವ ಯಂತ್ರ ಅದು. ಬೇರೆ ಯಾವ ಕಳೆಯಾದರೂ ಸಾಯುತ್ತಿತ್ತು. ಇದು ಕೊಚ್ಚಿದಷ್ಟೂ ಗೆಣ್ಣು, ಗೆಣ್ಣಿಗೊಂದು ಗಿಡ. ಅದೇ ವರ್ಷದ ಹಿಂಗಾರಿಗೆ ಇಡೀ ಜೌಗು ಹಳದಿಯಾಯಿತು.

ಆ ಹೊತ್ತಿಗೆ ಮಂಗಳ ಚೊಚ್ಚಲ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ಆದರೆ ಅವಳ ಅತ್ತೆ ಕೆಂಪಮ್ಮ ಕಳಿಸುವುದಿಲ್ಲ ಎಂದು ಕೂತುಬಿಟ್ಟಿದ್ದಳು. ತವರಿಂದ ಬಂದ ವಸ್ತುವೇ ಈ ಮನೆಯ ದನದ ಹೊಟ್ಟೆಗೆ ಮಣ್ಣು ಹಾಕಿದೆ, ಇನ್ನು ನಮ್ಮ ಮೊಮ್ಮಗು ಆ ಮನೆಯಲ್ಲಿ ಕಣ್ಣು ಬಿಡುವುದು ಬೇಡ, ಎಂಬುದು ಅವಳ ಹಟ. ಪುಟ್ಟಮಾದಮ್ಮ ಎರಡು ಸಲ ಹೋಗಿ ಮಗಳ ಮುಖ ನೋಡದೆ ವಾಪಸು ಬಂದಿದ್ದಳು. ಆ ನಗುವ ಹೆಂಗಸು ಆಗ ನಗುವುದನ್ನೇ ಬಿಟ್ಟಿದ್ದಳು.

2005ರ ಆರಂಭದಲ್ಲಿ ಅವಳ ಜೊತೆ ನಾನೂ ಹೋದೆ. ಕೆಂಪಮ್ಮ ಜಗಲಿಯಲ್ಲಿ ಕಾಳು ಕೇರುತ್ತಿದ್ದಳು. ಮೊರ ಕೆಳಗಿಡಲಿಲ್ಲ.

"ಬಾ ಬೀಗ್ತಿ, ಬಾ. ಈ ಸಲ ಮಡ್ಲಲ್ಲಿ ಏನ್ ತಂದಿದ್ದೀಯ? ಇನ್ನೊಂದ್ ಬಳ್ಳಿಯಾ? ಒಲ ಎಲ್ಲಾ ತುಂಬೋಗದೆ ಕಣಕ್ಕ. ಒಲೆ ಪಕ್ಕ ಒಂದ್ ಗೇಣು ಜಾಗ ಮಿಕ್ಕದೆ, ನೆಟ್ಟೋಗು."

"ನನ್ಗ ಗೊತ್ತಿತ್ತಾ ಅಕ್ಕ? ದೊಡ್ಡೋರು ಕೊಟ್ರು, ಮಡಗ್ದೆ."

"ಯಾರ್ ದೊಡ್ಡೋರು? ಈ ಅಮ್ಮಾವ್ರಾ?" ಎಂದು ಕೆಂಪಮ್ಮ ನನ್ನ ಕಡೆ ತಿರುಗಿದಳು.

ನಾನು ಆದದ್ದನ್ನು ಆದ ಹಾಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು, "ನೀವು ಬ್ಯಾಡ ಅಂದ್ರಿ ಅಂತ ನೀವೇ ಏಳ್ತೀರಿ. ಕೊಟ್ಟೋರು ಪ್ರೇಮಮ್ಮ. ಆಯಮ್ಮ ಬಂದು ನಮ್ ಜಗ್ಲೀಲಿ ನಿಂತು, ತಪ್ಪು ಬೀಗ್ತೀದಲ್ಲ ಅನ್ಲಿ. ಆಗ ನನ್ ಸೊಸೇನ ಕಳುಸ್ತೀನಿ."

ನ್ಯಾಯವಾದ ಮಾತು. ಬಾಗಿಲ ಮರೆಯಲ್ಲಿ ಮಂಗಳ ನಿಂತಿದ್ದಳು. ತಾಯಿಯನ್ನು ನೋಡಿದಳೇ ಹೊರತು ಹೊಸ್ತಿಲು ದಾಟಲಿಲ್ಲ.

ಪ್ರೇಮಾ ಒಪ್ಪುತ್ತಾಳೆಂದು ನಾನು ನಂಬಿರಲಿಲ್ಲ. ಆದರೆ ಅವಳು ಒಂದೇ ಮಾತಿಗೆ ಒಪ್ಪಿದಳು. "ಆಫ್ ಕೋರ್ಸ್ ವಸು. ಒಂದು ಹುಡುಗಿಯ ಹೆರಿಗೆಯ ವಿಷಯ. ನಾನೇ ಬಂದು ಹೇಳುತ್ತೇನೆ, ಪುಟ್ಟಮಾದಮ್ಮನ ತಪ್ಪಿಲ್ಲ ಎಂದು." ನನಗೆ ಹಳೆಯ ಪ್ರೇಮಾ ಸಿಕ್ಕಿಬಿಟ್ಟಳು ಎನ್ನಿಸಿತು. ಜೀಪಿನಲ್ಲಿ ಹೋಗುವಾಗ ಇಬ್ಬರೂ ಹಾಸ್ಟೆಲಿನ ಗಂಜಿಯನ್ನು ನೆನೆದು ನಕ್ಕೆವು. ಬೇಯಿಸಿದ ಕಡಲೆಕಾಯಿಯ ಪೊಟ್ಟಣ ನಮ್ಮ ನಡುವೆ ಇತ್ತು. ಅವಳು ಸುಲಿದು ಸುಲಿದು ನನ್ನ ಕೈಗೆ ಹಾಕುತ್ತಿದ್ದಳು. ಹಿಂದಿನ ಸೀಟಿನಲ್ಲಿ ಪುಟ್ಟಮಾದಮ್ಮ ಸೆರಗು ಹಿಂಡುತ್ತ ಕುಳಿತಿದ್ದಳು.

ಜಗಲಿಯಲ್ಲಿ ಪ್ರೇಮಾ ಕೂರಲಿಲ್ಲ. ಕೈ ಮುಗಿದು ನಿಂತಳು.

"ತಪ್ಪಾಗಿದೆ ಅಮ್ಮ. ನಿಮ್ಮ ಬೀಗಿತಿದು ಒಂದು ಚೂರೂ ತಪ್ಪಿಲ್ಲ. ಗಿಡ ಕೊಟ್ಟಿದ್ದು ನಾವು. ನಾವಾದರೂ ಯಾರನ್ನ ನಂಬೋದು? ಗಿಡ ನೋಡೋದು ನಮ್ಮ ಈ ಅಮ್ಮಾವ್ರು. ಪಾವಂ, ಆಗ ಅವರಿಗೆ ಕಣ್ಣಲ್ಲಿ ಪೊರೆ. ನೋಡಿದ ಮಾರನೇ ದಿನಾನೇ ಆಪರೇಷನ್‌ಗೆ ಹೋದರು. ವಯಸ್ಸಾದವರು, ಅವರ ಮೇಲೆ ಕೋಪ ಬೇಡ."

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅವಳು ಒಂದೂ ಸುಳ್ಳು ಹೇಳಿಲ್ಲ ಎಂಬುದು ಹೊಳೆಯಿತು. ಗಿಡ ನೋಡುವವಳು ನಾನೇ. ಪೊರೆ ಇದ್ದದ್ದು ನಿಜ. ಮಾರನೇ ದಿನ ಹೋದದ್ದು ನಿಜ. ಬಲಗಣ್ಣು ಚೆನ್ನಾಗಿಯೇ ಇತ್ತು, ನಾನು ಬೇಡ ಎಂದಿದ್ದೆ, ಎಂಬ ಎರಡು ಸಣ್ಣ ಸಂಗತಿಗಳನ್ನು ಮಾತ್ರ ಬಿಟ್ಟಿದ್ದಳು.

ಕೆಂಪಮ್ಮ ನನ್ನನ್ನೇ ದಿಟ್ಟಿಸಿದಳು. "ಕಣ್ಣಿನ ಆಪ್ರೇಸನ್ ಆಗಿದ್ದು ದಿಟವಾ ಅಮ್ಮ?"

"ಆದದ್ದು ನಿಜ. ಆದರೆ—"

"ಊಂ ಕಣಕ್ಕ," ಎಂದು ಪುಟ್ಟಮಾದಮ್ಮ ನನ್ನ ಮಾತಿನ ಮೇಲೆ ಮಾತಿಟ್ಟಳು. "ಆಗ ಅವ್ರ್ಗ ಏನೂ ಕಾಣ್ತಿರ್ನಿಲ್ಲ. ನನ್ನೇ ಎಷ್ಟೋ ದಪ ಗುರ್ತು ಇಡೀತಿರ್ನಿಲ್ಲ."

ಅವಳು ನನ್ನ ಕಡೆ ನೋಡಲಿಲ್ಲ. ನಾನು ಬೇಡ ಎಂದದ್ದು ಅವಳಿಗೆ ಗೊತ್ತಿತ್ತು. ಬದುವಿನ ಮೇಲೆ ಕೂತು ಪೂರ್ತಿ ಕೇಳಿದ್ದಳು, ನಂಬಿದ್ದಳು ಕೂಡ.

ಕೆಂಪಮ್ಮನ ಮುಖ ಸಡಿಲವಾಯಿತು. ಮೊರ ಪಕ್ಕಕ್ಕೆ ಹೋಯಿತು. "ಅಯ್ಯೋ ಪಾಪ! ಇದ್ನ ಮೊದ್ಲೇ ಏಳ್ಬಾರ್ದಾ? ಕಣ್ ಕಾಣ್ದೋರ್ ಮ್ಯಾಲೆ ಏನ್ ಸಿಟ್ಟು ಮಾಡದು. ಲೇ ಮಂಗ್ಳ, ಅಮ್ಮಾವ್ರ್ಗ ಮಜ್ಗೆ ತಾ. ಕೈಗೇ ಕೊಡು, ಚೆಲ್ಬುಟ್ಟಾರು."

ಮಂಗಳ ಹೊಸ್ತಿಲು ದಾಟಿ ಬಂದಳು. ನನ್ನ ಎರಡೂ ಕೈ ಹಿಡಿದು ಲೋಟವನ್ನು ಅವುಗಳೊಳಗೆ ಇಟ್ಟಳು. ಅವಳ ಹೊಟ್ಟೆ ನನ್ನ ಮೊಣಕೈಗೆ ತಾಗಿತು. ಬಾಯಿ ತೆರೆದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಜಗಳ ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಈ ಹುಡುಗಿ ಮತ್ತೆ ಒಳಗೆ ಹೋಗುತ್ತಾಳೆ. ಮಜ್ಜಿಗೆ ಕುಡಿದೆ. ಆ ವಾರವೇ ಮಂಗಳನನ್ನು ತವರಿಗೆ ಕಳಿಸಿದರು. ಹೆಣ್ಣು ಮಗು, ಸುಖವಾದ ಹೆರಿಗೆ.

ವಾಪಸು ಬರುವಾಗ ಜೀಪಿನಲ್ಲಿ ಪ್ರೇಮಾ ಇಂಗ್ಲಿಷಿಗೆ ಹೋದಳು. "ಡೋಂಟ್ ಸಲ್ಕ್, ವಸು. ನಿನಗೇನು ಕಡಿಮೆಯಾಯಿತು? ಯು ಆರ್ ರಿಟೈರ್ಡ್. ನನಗೆ ನಡೆಸಲು ಒಂದು ಟ್ರಸ್ಟ್ ಇದೆ." ಅಂದಿನಿಂದ ಇಂದಿನವರೆಗೆ ಅವಳ ಜೊತೆ ಮಾತಾಡಿಲ್ಲ. ಒಂದು ಕ್ರಿಸ್‌ಮಸ್‌ಗೆ ಕಾರ್ಡ್ ಬಂದಿತ್ತು.

ಪುಟ್ಟಮಾದಮ್ಮ ಮಗುವಿನ ನಾಮಕರಣಕ್ಕೆ ಕರೆಯಲು ಬಂದಾಗ ಬಾಗಿಲಲ್ಲೇ ನಿಂತಳು. ನಾನೂ ಒಳಗೆ ಬಾ ಎನ್ನಲಿಲ್ಲ.

"ಸಿಟ್ಟಾ ಗಿಡದಮ್ಮ?"

"ನಿನಗೆ ನಿಜ ಗೊತ್ತಿತ್ತು."

"ಗೊತ್ತಿತ್ತು," ಎಂದಳು. "ನಿಮ್ಗ ಎಲ್ಲೋದ್ರೂ ಕೆಲ್ಸ ಸಿಕ್ತದೆ. ನನ್ ಮಗೀಗ ಇನ್ನೊಬ್ಳು ಅತ್ತೆ ಸಿಕ್ಕಾಳಾ?"

ಪ್ರೇಮಾ, ಪುಟ್ಟಮಾದಮ್ಮ ಇಬ್ಬರೂ ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು. ನಿನ್ನ ಹೆಸರು ಹೋದರೆ ನಿನಗೇನೂ ಆಗುವುದಿಲ್ಲ ಎಂದು. ಆದರೂ ಪ್ರೇಮಾಳ ಮಾತು ಮುಳ್ಳಿನಂತೆ ಉಳಿಯಿತು. ಪುಟ್ಟಮಾದಮ್ಮನದು ಹಾಗೆ ಉಳಿಯಲಿಲ್ಲ. ಆದರೆ ಹೆಚ್ಚು ನೋಯಿಸಿದ್ದು ಅದೇ. ಪ್ರೇಮಾಳಿಂದ ಮೋಸ ಹೋದಾಗ ನನಗೆ ಕೋಪ ಬಂದಿತ್ತು. ಪುಟ್ಟಮಾದಮ್ಮನ ಆ "ಊಂ ಕಣಕ್ಕ" ಕೇಳಿದಾಗ, ಆ ಬೆಟ್ಟದಲ್ಲಿ ನಾನು ಎಷ್ಟು ಹೊರಗಿನವಳು ಎಂಬುದು ತಿಳಿಯಿತು. ನಾಮಕರಣಕ್ಕೆ ಹೋದೆ. ಎರಡು ಬೆಳ್ಳಿಯ ಕಾಲುಕಡಗ ಕೊಟ್ಟು, ಊಟ ಮಾಡದೆ ಬಂದೆ.

ಸುದ್ದಿ ನನಗಿಂತ ಮೊದಲು ಊರೂರು ಸುತ್ತಿತ್ತು. ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ರಸ್ತೆ ದಾಟುವಾಗ ಕೈ ಹಿಡಿಯತೊಡಗಿದರು. ಸೊಪ್ಪು ತಂದು ತೋರಿಸುವವರು ನಿಂತುಹೋದರು. ಟ್ರಸ್ಟಿನ ಕೆಲಸ ಬಿಟ್ಟೆ. ಆದರೆ ಬೇಸಿಗೆ ಮುಗಿಯುವವರೆಗೆ ತಾಳವಾಡಿಯಲ್ಲೇ ಉಳಿದೆ. ಆ ಗಿಡವನ್ನು ಹೇಗೆ ಕೀಳಬೇಕು ಎಂಬುದನ್ನು ಯಾರಾದರೂ ಹೇಳಬೇಕಿತ್ತು.

ಕೀಳುವ ಕ್ರಮ ಹೀಗೆ. ನೆಲ ಒಣಗಿರುವಾಗ ಕೀಳಬೇಕು. ಕುಡುಗೋಲು, ರೋಟವೇಟರ್ ಕೂಡದು. ಗುದ್ದಲಿಯಿಂದ ಸಡಿಲಿಸಿ, ಬಳ್ಳಿಯನ್ನು ತುಂಡಾಗದಂತೆ ಕೈಯಲ್ಲಿ ಎತ್ತಿ ಸುತ್ತಬೇಕು. ಕಿತ್ತದ್ದನ್ನು ಬದುವಿಗೆ, ಹಳ್ಳಕ್ಕೆ, ತಿಪ್ಪೆಗೆ ಎಸೆಯಬಾರದು. ಬರಿ ಬಂಡೆಯ ಮೇಲೆ ಹರಡಿ, ಗೆಣ್ಣು ಗರಿಗರಿಯಾಗುವವರೆಗೆ ಒಣಗಿಸಿ ಸುಡಬೇಕು. ಪ್ರತಿ ಮಳೆಯ ಹಿಂದೆಯೇ ಬಂದು, ಉಳಿದ ತುಂಡು ಚಿಗುರಿದೆಯೇ ನೋಡಬೇಕು. ದೊಡ್ಡಗಾಜನೂರಿನ ತಗ್ಗು ಮರುವರ್ಷಕ್ಕೆ ಹುಲ್ಲಿಗೆ ಮರಳಿತು. ಕೆಂಪಮ್ಮನ ಜೌಗು ಅರ್ಧ ಮಾತ್ರ. ಕೆರೆಯ ಕೋಡಿಯ ಕೆಳಗೆ ಅದು ಇನ್ನೂ ಇದೆಯೆಂದು ಕೇಳಿದ್ದೇನೆ.

ಜೌಗಿನಲ್ಲಿ ಕೀಳಲು ತೊಡಗಿದ ದಿನ ಕೆಂಪಮ್ಮ ನನ್ನನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ನಾನು ಹುಲ್ಲು ಕಿತ್ತುಬಿಟ್ಟೇನೆಂಬ ಭಯ. ಒಂದು ಎಲೆ ಹರಿದು ನನ್ನ ಬೆರಳುಗಳ ನಡುವೆ ಇಟ್ಟು, ಎಳೆ ಮಗುವಿಗೆ ಹೇಳುವಂತೆ ಹೇಳಿದಳು, "ಇಂಗ್ ತಡವಿ ನೋಡಮ್ಮ, ಕಿವಿ ಇದ್ದಂಗೆ ಅದೆಯಲ್ಲ. ಇನ್ಮ್ಯಾಕ ಯಾರಾರಾ ತಂದ್ರೆ ಕಣ್ಣ ನಂಬ್ಬೇಡಿ, ಬೆಳ್ಳ ನಂಬಿ."

ಮೂವತ್ತು ವರ್ಷ ಹುಡುಗಿಯರಿಗೆ ಎಲೆಯ ಅಂಚು ಗುರುತಿಸಲು ಕಲಿಸಿದವಳು, ನಾನು ಆ ಎಲೆಯನ್ನು ತಡವಿ, "ಸರಿ ಕಣಮ್ಮ," ಎಂದೆ.

ಆಮೇಲೂ ಒಂದೆರಡು ಕಡೆ ಇದೇ ಕೆಲಸಕ್ಕೆ ಕರೆದರು, ಹೋದೆ. ಒಂದು ಷರತ್ತು ಮಾತ್ರ ಹಾಕುತ್ತಿದ್ದೆ. ಬೇಡ ಎನ್ನಬೇಕಾದ ಗಿಡವಿದ್ದರೆ ಅದನ್ನು ಆಫೀಸಿನ ಮೇಜಿನ ಮುಂದೆ ಹೇಳುವುದಿಲ್ಲ. ನೆಡುವವರ ಹೊಲಕ್ಕೆ ಹೋಗಿ, ಅವರ ಭಾಷೆಯಲ್ಲಿ, ನನ್ನ ಬಾಯಿಂದಲೇ ಹೇಳುತ್ತೇನೆ ಎಂದು. ಗಿಡದ ಹೆಸರು ನಡುವಿನವರ ಬಾಯಿಗೆ ಬಿದ್ದರೆ ಅಲ್ಲಿ ಬೇರು ಬಿಡುತ್ತದೆ, ಏನಾಗಿ ಬೆಳೆಯುತ್ತದೋ ಹೇಳಲಾಗುವುದಿಲ್ಲ. ವೃತ್ತಿ ನನಗೆ ಕೊನೆಗೆ ಕಲಿಸಿದ್ದು ಇಷ್ಟೇ. ಹಾಗೆ ಹೇಳಲು ಹೋಗುವಾಗ ಯಾವ ಸ್ನೇಹಿತರನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಿರಲಿಲ್ಲ.